ಝಡ್ ಎಲ್ಲಿ ಹೋಯ್ತು?

ಐರೋಪ್ಯ ಒಕ್ಕೂಟದ ಮಂತ್ರಿ ಪರಿಷತ್ತಿನ ಅಧ್ಯಕ್ಷತೆ ಆರಾರು ತಿಂಗಳಿಗೆ ಒಂದೊಂದು ದೇಶದ ಪಾಲು. ಎಸ್ಟೋನಿಯಾದ ಸರದಿ ಇದ್ದದ್ದು 2018ರ ಜನವರಿಗೆ. 2017ರ ಜುಲೈನದು ಬ್ರಿಟನ್‌ದು. ಬ್ರೆಕ್ಸಿಟ್ ಮತದಾನ ಮುಗಿದದ್ದೇ ಅವರು ನಮಗೆ ಬೇಡ ಅಂದುಬಿಟ್ಟರು. 2016ರ ಜುಲೈ ಕೊನೆಗೆ ಹೊಸ ಪಟ್ಟಿ ಬಂತು, ಎಸ್ಟೋನಿಯಾ ಆರು ತಿಂಗಳು ಮುಂಚೆಯೇ ಕೂರಬೇಕು. ಮಾಘಕ್ಕೆ ಇಟ್ಟುಕೊಂಡಿದ್ದ ಮದುವೆ ಆಷಾಢಕ್ಕೇ ಬಂದು ನಿಂತ ಹಾಗೆ. ಅದೂ ಮೊದಲ ಸಲ, 13 ಲಕ್ಷ ಜನರ ದೇಶಕ್ಕೆ. ಜುಲೈ ಅಂದರೆ ಎಸ್ಟೋನಿಯಾದವರು ಹಳ್ಳಿಮನೆ ಸೇರಿಕೊಳ್ಳುವ ತಿಂಗಳು ಬೇರೆ. 2018ರ ಫೆಬ್ರವರಿ 24ಕ್ಕೆ ದೇಶಕ್ಕೆ ನೂರು ತುಂಬುತ್ತಿತ್ತು. ಎರಡು ಸಂಭ್ರಮ ಒಟ್ಟಿಗೇ ಅನ್ನುವ ಲೆಕ್ಕಾಚಾರವೂ ತಪ್ಪಿತು.

ನಾನು ಆಗ ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ನಮ್ಮ ಪುಟ್ಟ ತಂಡಕ್ಕೆ ಸಿಕ್ಕಿದ್ದು ಪ್ರತಿನಿಧಿಗಳ ನೋಂದಣಿ ಮತ್ತು ಬ್ಯಾಡ್ಜ್. ಪರಿಷತ್ತಿನ ವಿಧ್ಯುಕ್ತ ಸಭೆಗಳು ಬ್ರಸೆಲ್ಸ್, ಲಕ್ಸೆಂಬರ್ಗ್‌ನಲ್ಲೇ ನಡೆಯುತ್ತವೆ. ಅಧ್ಯಕ್ಷ ದೇಶದ ಊರಿಗೆ ಬರುವುದು ಅನೌಪಚಾರಿಕ ಸಭೆಗಳು. ಅವುಗಳಿಗೆ ಗೊತ್ತಾದ ಜಾಗ ಕುಲ್ತೂರಿಕಾತೆಲ್, ಹಿಂದೆ ವಿದ್ಯುತ್ ಸ್ಥಾವರವಾಗಿದ್ದ ಕಟ್ಟಡ.

ಮೊದಲ ಪೆಟ್ಟು ದೇಶಗಳ ಪಟ್ಟಿಯಲ್ಲೇ ಬಿತ್ತು. ನಾನು ಒಕ್ಕೂಟದ ಆಗಿನ 28 ದೇಶಗಳನ್ನು ಇಂಗ್ಲಿಷ್ ಹೆಸರಿನ ಪ್ರಕಾರ ಜೋಡಿಸಿಟ್ಟಿದ್ದೆ. ಪಕ್ಕದ ಟೇಬಲ್ಲಿನಾಕೆ ನೋಡಿ, "ಇದನ್ನು ಯಾರಿಗೂ ತೋರಿಸಬೇಡ" ಅಂದಳು. ಒಕ್ಕೂಟದ ಶಿಷ್ಟಾಚಾರದಲ್ಲಿ ಪ್ರತಿ ದೇಶಕ್ಕೂ ಅದರದೇ ನುಡಿಯ ಹೆಸರಿನ ಮೇಲೆ ಜಾಗ. ಜರ್ಮನಿ ಡಾಯ್ಚ್‌ಲಾಂಡ್ ಆಗಿ ಡಿಯಲ್ಲಿ, ಫಿನ್ಲೆಂಡ್ ಸುವೋಮಿ ಆಗಿ ಎಸ್‌ನಲ್ಲಿ, ಹಂಗೇರಿ ಮಾಜ್ಯಾರ್ ಹೆಸರು ಹೊತ್ತು ಎಂನಲ್ಲಿ. ಗ್ರೀಸ್ ಎಲ್ಲಾದಾ ಆಗಿ ಎಸ್ಟೋನಿಯಾದ ಹತ್ತಿರವೇ ಕೂರುತ್ತದೆ, ಅದೂ ರೋಮನ್ ಲಿಪಿಗೆ ಇಳಿಸಿದ ಮೇಲೆ.

ಸರಿ, ತಿದ್ದಿದೆ. ಎರಡನೆಯದು ಅಣಕು ಸಭೆಯ ದಿನ. ಸಹೋದ್ಯೋಗಿಗಳೇ ಸುಳ್ಳು ಹೆಸರಿನ ಪ್ರತಿನಿಧಿಗಳಾಗಿ ಸಾಲಾಗಿ ನಿಂತರು. ಝಡ್‌ನಿಂದ ಶುರುವಾಗುವ ಹೆಸರಿನವನು ಬಂದ. ಬ್ಯಾಡ್ಜ್ ಟ್ರೇಯ ತುದಿಗೆ ಕೈ ಹಾಕಿದೆ, ಇಲ್ಲ. ಕೆಳಗಿನ ಟ್ರೇ, ಇಲ್ಲ. ಹಿಂದೆ ಹನ್ನೆರಡು ಜನ. ಕೊನೆಗೆ ಸಿಕ್ಕಿದ್ದು ಎಸ್ ಮತ್ತು ಟಿ ನಡುವೆ. ಡೇಟಾಬೇಸನ್ನು ಎಸ್ಟೋನಿಯನ್ ಭಾಷೆಗೆ ಹೊಂದಿಸಿದ್ದವನು ನಾನೇ. ಈ ಭಾಷೆಯ ವರ್ಣಮಾಲೆಯಲ್ಲಿ ಝಡ್ ಬರುವುದು ಎಸ್ ಆದ ಮೇಲೆ, ಟಿಗಿಂತ ಮೊದಲು. ಕೊನೆಯ ಅಕ್ಷರ ಚುಕ್ಕಿಗಳ ಯು. ಯಂತ್ರದ ತಪ್ಪೇನೂ ಇರಲಿಲ್ಲ. 'ಹ' ಆದಮೇಲೆ 'ಳ' ಬರುವುದು ನಮಗೆ ಸಹಜ, ಹೊರಗಿನವನಿಗೆ ಅದೇ ಒಗಟು.

ಪರದೆಯ ಮೇಲಿನ ಪಟ್ಟಿ ಎಸ್ಟೋನಿಯನ್ ಕ್ರಮದಲ್ಲೇ ಇರಲಿ, ಟ್ರೇ ಮಾತ್ರ ಇಂಗ್ಲಿಷ್ ಕ್ರಮಕ್ಕೆ ಅಂತ ತೀರ್ಮಾನವಾಯ್ತು. ಎರಡು ಕ್ರಮ ಇಟ್ಟುಕೊಳ್ಳುವುದು ಕೆಟ್ಟ ವಿನ್ಯಾಸ ಅಂತ ಒಬ್ಬ ಗೊಣಗಿದ. ಕೆಟ್ಟದ್ದೇ. ಆದರೆ ಬಾಗಿಲಲ್ಲಿ ಮಂತ್ರಿಯ ಕಾರ್ಯದರ್ಶಿ ಕಾಯುವಾಗ ವಿನ್ಯಾಸ ಯಾರಿಗೆ ಬೇಕು? ಟ್ರೇ ಮೇಲೆ ಅಕ್ಷರದ ಚೀಟಿ ಅಂಟಿಸಿದೆವು, ದಪ್ಪ ಕಪ್ಪು ಪೆನ್ನಿನಲ್ಲಿ. ನನ್ನ ಬ್ಯಾಡ್ಜಿನಲ್ಲೋ, ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿತ್ತು. ಆರು ತಿಂಗಳೂ ಎಲ್ಲರೂ ನನ್ನನ್ನು ಅಪ್ಪನ ಹೆಸರಿನಿಂದಲೇ ಕರೆದರು.

ಸೆಪ್ಟೆಂಬರ್ 29ರ ಡಿಜಿಟಲ್ ಶೃಂಗಸಭೆ ಹೊತ್ತಿಗೆ ಎಲ್ಲ ರೂಢಿಯಾಗಿತ್ತು. ನಂತರದ ಸರದಿ ಬಲ್ಗೇರಿಯಾದ್ದು. ಅವರ ಸಿರಿಲಿಕ್ ವರ್ಣಮಾಲೆಯಲ್ಲಿ ಝಡ್ ಸದ್ದಿನ ಅಕ್ಷರ ಎಂಟನೆಯದು.