ಆಮ್ಚೆ ಆಯ್ಲೆ

"ಕಾರವಾರದ ಸದಾಶಿವಗಡದವನು ನೀನು, ಗೋವಾದ ಡೆಂಪೊ ಫುಟ್ಬಾಲ್ ಕ್ಲಬ್ಬಿನ ಅಭಿಮಾನಿ ಹೇಗಾದೆ?" ಈ ಪ್ರಶ್ನೆಯನ್ನು ಇಪ್ಪತ್ತು ವರ್ಷಗಳಿಂದ ಕೇಳಿಸಿಕೊಳ್ಳುತ್ತ ಬಂದಿದ್ದೇನೆ. ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಕೇಳಿದರು, ಮದುವೆಗೆ ಹೆಣ್ಣು ನೋಡಲು ಹೋದಲ್ಲಿ ಕೇಳಿದರು, ಈಗ ಒಂಬತ್ತು ವರ್ಷದ ಮಗಳೂ ಕೇಳುತ್ತಾಳೆ. ಪ್ರತಿ ಸಲವೂ ಒಂದೊಂದು ಉತ್ತರ ಕೊಟ್ಟಿದ್ದೇನೆ. ನಿಜವಾದದ್ದನ್ನು ಹೇಳಲು ಮಾಮನಿಂದಲೇ ಶುರು ಮಾಡಬೇಕು.

ಮಾಮ ಅಂದರೆ ಅಮ್ಮನ ಅಣ್ಣ. ಗೋವಾದ ವಾಸ್ಕೋದಲ್ಲಿ ಮನೆ, ಅದಿರು ಸಾಗಿಸುವ ಬಾರ್ಜಿನಲ್ಲಿ ಕೆಲಸ. ಒಳನಾಡಿನ ಗಣಿಗಳ ಅದಿರು ತುಂಬಿಕೊಂಡು ಮಾಂಡೋವಿ ನದಿಯಲ್ಲಿ ಇಳಿದು ಮುರಗಾಂವ್ ಬಂದರಿಗೆ ಮುಟ್ಟಿಸಿ ಮತ್ತೆ ವಾಪಸ್. ಡೆಂಪೊ, ಸಾಲ್ಗಾಂವ್ಕರ್ ಇವೆಲ್ಲ ಮೊದಲು ಗಣಿ ಮನೆತನಗಳ ಹೆಸರು, ಆಮೇಲೆ ಫುಟ್ಬಾಲ್ ಕ್ಲಬ್ಬುಗಳ ಹೆಸರು. ಸಾಲ್ಗಾಂವ್ಕರ್ ವಾಸ್ಕೋದ್ದೇ ಕ್ಲಬ್ಬು, ಅಲ್ಲಿ ಇದ್ದವನು ಅದರ ಕಡೆಯವನಾಗಬೇಕಿತ್ತು. ಆದರೆ ಮಾಮ ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಬಾರ್ಜಿನ ಹಿರಿಯ ಖಲಾಸಿಯೊಬ್ಬ ಡೆಂಪೊ ಮ್ಯಾಚಿಗೆ ಕರೆದುಕೊಂಡು ಹೋದನಂತೆ. "ಅವನು ಸಾಲ್ಗಾಂವ್ಕರ್ ಮ್ಯಾಚಿಗೆ ಕರೆದಿದ್ದರೆ ನಾನೂ ಸಾಲ್ಗಾಂವ್ಕರ್ ಆಗ್ತಿದ್ದೆ ಪುತಾ. ಊರು ಹೊಸದು, ಗುರುತಿನವರಿಲ್ಲ. ಯಾರೋ ಒಬ್ಬ ಬಾ ಅಂದ, ಹೋದೆ," ಎಂದು ಮಾಮ ಇವತ್ತಿಗೂ ಹೇಳುತ್ತಾನೆ. ಅವನ ಇಡೀ ಬದುಕಿನ ನಿಷ್ಠೆ ಆ ಒಂದು "ಬಾ" ಎಂಬ ಮಾತಿನ ಮೇಲೆ ನಿಂತಿದೆ.

ನನ್ನನ್ನು ಮಾಮ ಕರೆದುಕೊಂಡು ಹೋದದ್ದು 1997ರಲ್ಲಿ. ನನಗೆ ಹನ್ನೆರಡು ವರ್ಷ. ಕೊಂಕಣ ರೈಲು ಇನ್ನೂ ಪೂರ್ತಿಯಾಗಿ ಶುರುವಾಗಿರಲಿಲ್ಲ. ಕದಂಬ ಬಸ್ಸು ಹತ್ತಿ ಮಾಜಾಳಿ ಗಡಿ ದಾಟಿ, ಕಾಣಕೋಣದ ಘಟ್ಟ ಸುತ್ತಿ ಮಡಗಾಂವ್ ತಲುಪಿದೆವು. ಫತೋರ್ಡಾ ಮೈದಾನದಲ್ಲಿ ಗೋವಾದ ಲೀಗ್ ಪಂದ್ಯ. ಎದುರಾಳಿ ಯಾರು, ಎಷ್ಟು ಗೋಲು, ಏನೂ ನೆನಪಿಲ್ಲ. ನೆನಪಿರುವುದು ಎರಡು.

ಒಂದು, ಆಟಗಾರರು ಸಾಲಾಗಿ ಹೊರಬಂದಾಗ ಮಾಮ ಎದ್ದು ನಿಂತು, ಡೀಸೆಲ್ ವಾಸನೆಯ ಕೈಯನ್ನು ನನ್ನ ಹೆಗಲ ಮೇಲಿಟ್ಟು ಮೆಲ್ಲಗೆ "ಆಮ್ಚೆ ಆಯ್ಲೆ" ಅಂದದ್ದು. ನಮ್ಮವರು ಬಂದರು. ಚೌತಿಗೆ ಮುಂಬೈಯಿಂದ ಚಿಕ್ಕಪ್ಪನ ಸಂಸಾರ ಬಸ್ಸಿಳಿದು ಅಂಗಳಕ್ಕೆ ಬರುವಾಗ ಅಜ್ಜಿ ಹೇಳುತ್ತಿದ್ದ ಮಾತು ಅದು, ಅದೇ ದನಿ. ಅದನ್ನು ರಕ್ತಸಂಬಂಧವಿಲ್ಲದ ಹನ್ನೊಂದು ಜನರಿಗೆ ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ.

ಇನ್ನೊಂದು, ಕಾರ್ನರ್ ಕಿಕ್. ಮಾಮ ಯಾವಾಗಲೂ ಮೂಲೆಯ ಧ್ವಜದ ಕಡೆ, ಕೆಳಗಿನ ಮೆಟ್ಟಿಲಲ್ಲೇ ಕೂರುವವನು. ಡೆಂಪೊ ಆಟಗಾರನೊಬ್ಬ ಚೆಂಡು ಇಡಲು ನಮ್ಮೆದುರಿಗೇ ಬಂದ. ಚೆಂಡನ್ನು ಜೆರ್ಸಿಗೆ ಒರೆಸಿದ. ಮೊಣಕಾಲಿಗೆ ಸುತ್ತಿದ್ದ ಪಟ್ಟಿ ಸಡಿಲವಾಗಿ ಜಾರಿತ್ತು, ಬಗ್ಗಿ ಮೇಲೆಳೆದುಕೊಂಡ. ಅವನು ಏದುಸಿರು ಬಿಡುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಆಮೇಲೆ ಒದ್ದ. ಆ ಪೆಟ್ಟಿನ ಸದ್ದು ಟಿವಿಯಲ್ಲಿ ಕೇಳಿದಂಥದ್ದಲ್ಲ, ತೆಂಗಿನಕಾಯಿ ಮರಳಿಗೆ ಬಿದ್ದ ಹಾಗೆ ಎದೆಯೊಳಗೆ ಬೀಳುವ ಸದ್ದು. ಆ ಹೊತ್ತಿನಿಂದ ನನಗೆ ಕ್ಲಬ್ಬು ಎಂದರೆ ಪೇಪರಿನ ಕೊನೇ ಪುಟದ ಹೆಸರಲ್ಲ, ಪಟ್ಟಿ ಜಾರಿದ ಆ ಮೊಣಕಾಲು.

ಆದರೂ ನಾನಿನ್ನೂ ಆ ಕ್ಲಬ್ಬಿನವನಾಗಿರಲಿಲ್ಲ. ಇದನ್ನು ಗುರುತಿಸಲು ಕನ್ನಡದಲ್ಲಿ ಸುಲಭದ ದಾರಿಯಿದೆ, ಕ್ರಿಯಾಪದದ ಕೊನೆ ನೋಡಿದರೆ ಸಾಕು. ಮಾಮ ಯಾವತ್ತೂ "ಗೆದ್ದೆವು, ಸೋತೆವು" ಅನ್ನುತ್ತಿದ್ದ. ನಾನು "ಡೆಂಪೊದವರು ಗೆದ್ದರು, ಸೋತರು" ಅನ್ನುತ್ತಿದ್ದೆ. "ಅರು" ಎಂಬುದು "ಎವು" ಆಗಬೇಕು. ಬೇಕು ಅಂದುಕೊಂಡರೆ ಆಗುವಂಥದ್ದಲ್ಲ, ಆಗುವಾಗ ಗೊತ್ತೂ ಆಗುವುದಿಲ್ಲ.

ಮಧ್ಯೆ ಕದಲುವ ಅವಕಾಶವೂ ಬಂತು. 1998-99ರಲ್ಲಿ ಸಾಲ್ಗಾಂವ್ಕರ್ ರಾಷ್ಟ್ರೀಯ ಲೀಗ್ ಗೆದ್ದಿತು, ಆ ಪಟ್ಟ ಗೋವಾಕ್ಕೆ ತಂದ ಮೊದಲ ಕ್ಲಬ್ಬು. ಬ್ರೂನೊ ಕುಟಿನ್ಹೊ ಹೆಸರು ಎಲ್ಲರ ಬಾಯಲ್ಲಿ. ಮಾಮನ ಸ್ವಂತ ಮಗನೇ ಸಾಲ್ಗಾಂವ್ಕರ್ ಕಡೆಯವನು, ಇವತ್ತಿಗೂ. ವಾಸ್ಕೋದ ಶಾಲೆಯ ಗೆಳೆಯರು ಅವನನ್ನು ಎಳೆದುಕೊಂಡರು. ಅಪ್ಪನಿಂದ ಮಗನಿಗೆ ತಾನಾಗಿ ಬರುತ್ತದೆ ಎನ್ನುವವರಿಗೆ ನಾನು ಈ ಮನೆಯನ್ನೇ ತೋರಿಸುತ್ತೇನೆ. ಮಗನಿಗೆ ದಾಟದ್ದು ಸೋದರಳಿಯನಿಗೆ ದಾಟಿತು. ಮಗನಿಗೆ ಅಪ್ಪ ದಿನಾ ಸಿಗುವವನು. ನನಗೆ ಮಾಮ ವರ್ಷಕ್ಕೆ ಮೂರು ಸಲ ಸಿಗುವವನು, ಅವನ ಜೊತೆಗಿನ ಪ್ರತಿ ದಿನವೂ ಎಣಿಕೆಯದ್ದು. ಕಾರಣ ಅದೇ ಇರಬೇಕು ಎಂದು ನನ್ನ ಅಂದಾಜು.

ಇನ್ನು 2004. ನಾನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಫೆಡರೇಷನ್ ಕಪ್ ಫೈನಲ್ಲಿಗೆ ಡೆಂಪೊ ಬಂತು, ಎದುರಾಳಿ ಮೋಹನ್ ಬಾಗಾನ್, ಮೈದಾನ ಕಂಠೀರವ. ಮಾಮನಿಗೆ ರಜೆ ಸಿಗಲಿಲ್ಲ. "ನನ್ನ ಬದಲಿಗೆ ನೀನು ಹೋಗು" ಅಂದ. ಡಿಸೆಂಬರ್ 5, ಭಾನುವಾರ. ಒಬ್ಬನೇ ಹೋದೆ.

ಆ ವರ್ಷ ಡೆಂಪೊಗೆ ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್ ಬಂದಿದ್ದ. ಇಪ್ಪತ್ತೈದರ ಹುಡುಗ. ಮೊದಲ ಗೋಲು ಅವನದೇ. ಎರಡನೆಯದಕ್ಕೂ ಅವನೇ ನುಗ್ಗಿದ. ಚೆಂಡು ಬಲೆ ಸೇರಿತು. ಅದೇ ಗಳಿಗೆಯಲ್ಲಿ ಎದುರಿನ ಗೋಲ್‌ಕೀಪರಿಗೆ ಢಿಕ್ಕಿ ಹೊಡೆದು ಅವನು ನೆಲ ಸೇರಿದ. ನಾನು ಎದ್ದು ಕೂಗುತ್ತಿದ್ದೆ. ಎರಡೂ ಕೈ ಮೇಲೆತ್ತಿ, ಗಂಟಲು ಹರಿಯುವ ಹಾಗೆ. ಪಕ್ಕದವರು ಸುಮ್ಮನಾಗಿ ಕೂತ ಮೇಲೂ ಸ್ವಲ್ಪ ಹೊತ್ತು ಕೂಗುತ್ತಲೇ ಇದ್ದೆ. ಆಮೇಲೆ ನೋಡಿದೆ, ಅವನು ಏಳುತ್ತಿಲ್ಲ. ಸಂಗಡಿಗರು ಸುತ್ತ ಮಂಡಿಯೂರಿದ್ದರು. ಹೊತ್ತುಕೊಂಡು ಹೋದರು. ಆಟ ಮುಗಿಯಿತು, 2-0.

ಪೆಟ್ಟಾಗಿದೆ, ಆಸ್ಪತ್ರೆಯಲ್ಲಿ ಸರಿಹೋಗುತ್ತಾನೆ ಅಂದುಕೊಂಡೇ ಹಾಸ್ಟೆಲ್ಲಿಗೆ ಬಂದೆ. ರಾತ್ರಿ ಎಸ್‌ಟಿಡಿ ಬೂತಿನಿಂದ ವಾಸ್ಕೋಗೆ ಫೋನು ಹಚ್ಚಿದೆ. ಮಾಮ ಎತ್ತಿದ ಕೂಡಲೇ "ಮಾಮಾ, ಗೆದ್ದೆವು" ಅಂದೆ.

ಆ ಕಡೆಯಿಂದ ಮಾತಿಲ್ಲ. ಮೀಟರಿನ ಕೆಂಪು ಅಂಕಿ ಏರುತ್ತಿತ್ತು. ಆಮೇಲೆ ಮಾಮ ಹೇಳಿದ: "ಆಮ್ಚೊ ಗೆಲೊ, ಪುತಾ."

ಕನ್ನಡದ ಕಿವಿಗೆ ಗೆಲುವಿನಂತೆ ಕೇಳಿಸುವ ಕೊಂಕಣಿಯ ಆ ಮಾತಿಗೆ ಅರ್ಥ "ಹೋದ". ನಮ್ಮವನು ಹೋದ. ಗೋವಾದಲ್ಲಿ ಆಗಲೇ ಸುದ್ದಿ ಮುಟ್ಟಿತ್ತು. ಎರಡೂ ಭಾಷೆಯಲ್ಲಿ ಬೆಳೆದ ನನಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು, ಆ ಕ್ಷಣ ಇವತ್ತಿಗೂ ನನ್ನೊಳಗೆ ಹಾಗೇ ಇದೆ. ಬೂತಿನ ಹಲಗೆಗೆ ತಲೆ ಆನಿಸಿ ಅತ್ತೆ. ನನ್ನ ಬಾಯಿಂದ ಮೊದಲ ಸಲ "ಎವು" ಬಂದದ್ದು ಆ ರಾತ್ರಿ, ಅದೂ ಹಾಗೆ. ಅದಾದ ಮೇಲೆ ಬೇರೆ ಕ್ಲಬ್ಬಿನ ಮಾತು ನನ್ನ ಮಟ್ಟಿಗೆ ಮುಗಿಯಿತು. ಕ್ಲಬ್ಬು ಅವನ 10ನೇ ನಂಬರಿನ ಜೆರ್ಸಿಯನ್ನು ನಿವೃತ್ತಗೊಳಿಸಿತು. ಅದೇ ಋತುವಿನಲ್ಲಿ ಡೆಂಪೊ ಮೊದಲ ಬಾರಿಗೆ ರಾಷ್ಟ್ರೀಯ ಲೀಗ್ ಗೆದ್ದಿತು. ಮಾಮನೂ ನಾನೂ ಫೋನಿನಲ್ಲಿ ಬಹಳ ಹೊತ್ತು ಸುಮ್ಮನೇ ಇದ್ದೆವು.

ಮುಂದಿನದ್ದು ಒಳ್ಳೆಯ ಕಾಲ. ಆರ್ಮಾಂಡೊ ಕೊಲಾಸೊ ಕೋಚು. ಮಹೇಶ್ ಗಾವ್ಳಿ, ಸಮೀರ್ ನಾಯ್ಕ್, ಕ್ಲೈಮ್ಯಾಕ್ಸ್ ಲಾರೆನ್ಸ್, ಕ್ಲಿಫರ್ಡ್ ಮಿರಾಂಡ, ಬ್ರೆಜಿಲ್‌ನ ಬೆಟೊ, ನೈಜೀರಿಯಾದ ರಾಂಟಿ ಮಾರ್ಟಿನ್ಸ್. 2006-07, 2007-08, 2009-10, 2011-12, ಆ ಮೊದಲನೆಯದೂ ಸೇರಿ ಒಟ್ಟು ಐದು ಲೀಗ್ ಪಟ್ಟ. 2008ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್‌ನ ಸೆಮಿಫೈನಲ್. 2011ರ ಮೇನಲ್ಲಿ ಏರ್ ಇಂಡಿಯಾ ಮೇಲೆ 14-0. ಆ ದಿನ ಮಾಮ ಫೋನಿನಲ್ಲಿ ಸಂಭ್ರಮಿಸಲಿಲ್ಲ, "ಆ ಗೋಲ್‌ಕೀಪರಿಗೂ ಮನೆಯಲ್ಲಿ ತಾಯಿ ಇದ್ದಾಳೆ" ಅಂದ. 2011-12ರಲ್ಲಿ ರಾಂಟಿ ಒಂದೇ ಲೀಗಿನಲ್ಲಿ 32 ಗೋಲು ಹಾಕಿ, ಮರುವರ್ಷ ಕೋಲ್ಕತ್ತಾದ ಕ್ಲಬ್ಬಿಗೆ ಹೋದ. ಹೋಗಲಿ. ಆಟಗಾರನ ಹಿಂದೆ ಹೋಗುವವರಿದ್ದಾರೆ, ಅದೂ ಒಂದು ಪ್ರೀತಿಯೇ. ನಮ್ಮದು ಬೇರೆ ಬಗೆ.

ಗೆಲುವಿನ ಈ ಹತ್ತು ವರ್ಷದ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಗೆಲ್ಲುವಾಗ ಎಲ್ಲರೂ ಇರುತ್ತಾರೆ. ನನಗೆ ನನ್ನ ಪರೀಕ್ಷೆಯಾದದ್ದು ಆಮೇಲೆ.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ರಾಷ್ಟ್ರೀಯ ಲೀಗಿಗೆ 2007ರಿಂದ ಆ ಹೆಸರು. ನಾನಿದ್ದ ಊರಿನ ತಂಡ, ನನ್ನ ರಾಜ್ಯದ ತಂಡ. ಅದೇ ಹೊತ್ತಿಗೆ ಡೆಂಪೊ ಕುಸಿಯುತ್ತಿತ್ತು: 2014-15ರಲ್ಲಿ ಎರಡನೇ ದರ್ಜೆಗೆ ಇಳಿಯಿತು, ಮರುವರ್ಷ ಅಲ್ಲಿ ಗೆದ್ದು ಮೇಲೆ ಬಂತು. ಬಂದ ಬೆನ್ನಿಗೇ, 2016ರಲ್ಲಿ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಅನ್ನು ದೇಶದ ಅಗ್ರ ಲೀಗ್ ಮಾಡಿ ಐ-ಲೀಗನ್ನು ಕೆಳಗಿಡುವ ಯೋಜನೆಯನ್ನು ಒಪ್ಪದೆ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್ ಮೂರೂ ಐ-ಲೀಗ್‌ನಿಂದ ಹೊರಬಂದವು. ರಾತ್ರೋರಾತ್ರಿ ನನ್ನ ಕ್ಲಬ್ಬು ಟಿವಿಯಿಂದ ಮರೆಯಾಗಿ ಗೋವಾದ ಲೀಗಿಗಷ್ಟೇ ಉಳಿಯಿತು.

ಗೆಳೆಯರ ಜೊತೆ ಕಂಠೀರವಕ್ಕೆ ಹೋಗುತ್ತಿದ್ದೆ. ನೀಲಿ ಅಂಗಿ ಹಾಕಿದೆ, ಪಶ್ಚಿಮದ ಸ್ಟ್ಯಾಂಡಿನವರ ಹಾಡು ಕಲಿತೆ. ಅವರ ಪ್ರೀತಿ ಅಪ್ಪಟ, ಅದನ್ನು ಹತ್ತಿರದಿಂದ ಕಂಡಿದ್ದೇನೆ. ಆದರೆ ನನ್ನ ಕಣ್ಣು ಮತ್ತೆ ಮತ್ತೆ ಆ ಗೋಲುಕಂಬದ ಕಡೆ ಹೋಗುತ್ತಿತ್ತು, ಹುಲ್ಲಿನ ಆ ಜಾಗದ ಕಡೆ.

ತೀರ್ಮಾನವಾದದ್ದು 2019ರ ಮಾರ್ಚ್ 17ರಂದು. ಅಷ್ಟರಲ್ಲಿ ನಾನು ಊರಿಗೆ ವಾಪಸಾಗಿದ್ದೆ. ಮುಂಬೈಯಲ್ಲಿ ಐಎಸ್‌ಎಲ್ ಫೈನಲ್, ಬೆಂಗಳೂರು ಎಫ್‌ಸಿಗೆ ಎಫ್‌ಸಿ ಗೋವಾ ಎದುರಾಳಿ. ಕೋಡಿಬಾಗದ ಗೆಳೆಯನ ಮನೆಯಲ್ಲಿ ಹತ್ತು ಹದಿನೈದು ಜನ. ಕಾರವಾರದಲ್ಲಿ ಇಂಥ ಪಂದ್ಯ ಎಂದರೆ ಸೋಫಾದ ಅರ್ಧ ಆ ಕಡೆ, ಅರ್ಧ ಈ ಕಡೆ. "ನೀನು ಯಾವ ಕಡೆ?" ಎಂದು ಎರಡೂ ಕಡೆಯವರು ಕೇಳಿದರು. ಹೆಚ್ಚುವರಿ ಸಮಯದಲ್ಲಿ ಗೋವಾದ ಜಾಹೂಗೆ ಕೆಂಪು ಕಾರ್ಡು ಬಿತ್ತು, ಇನ್ನೇನು ಪೆನಾಲ್ಟಿಗೆ ಹೋಗುತ್ತದೆ ಅನ್ನುವಾಗ ಕಾರ್ನರ್ ಕಿಕ್‌ಗೆ ರಾಹುಲ್ ಭೇಕೆ ತಲೆ ಕೊಟ್ಟ. 1-0. ಅರ್ಧ ಮನೆ ಹಾರಿತು, ಅರ್ಧ ಮನೆ ತಲೆ ಮೇಲೆ ಕೈ ಹೊತ್ತಿತು. ನಾನು ಒಬ್ಬನೇ ಇದ್ದಲ್ಲೇ ಕೂತಿದ್ದೆ. ಸಂತೋಷವೂ ಇಲ್ಲ, ಸಂಕಟವೂ ಇಲ್ಲ. ಬಾಯಲ್ಲಿ ಬಂದದ್ದು "ಗೆದ್ದರು."

ಹೊರಗೆ ಬಂದು ಮಾಮನಿಗೆ ಫೋನು ಮಾಡಿದೆ. "ಮುಂದಿನ ಮ್ಯಾಚು ಯಾವಾಗ ಮಾಮಾ?" ಯಾರದ್ದು ಎಂದು ಅವನು ಕೇಳಲಿಲ್ಲ.

ಅಂದಿನಿಂದ ಹೋಗುತ್ತಿದ್ದೇನೆ. ಮಾಪ್ಸಾದ ಧುಲೇರ್ ಮೈದಾನದಲ್ಲಿ ನೂರಿನ್ನೂರು ಜನರ ನಡುವೆ ಕೂತು ನೋಡಿದ್ದೇನೆ, ಮಳೆ ಬಂದಾಗ ಒಂದೇ ಕೊಡೆಯಡಿ ಅಪರಿಚಿತರೊಂದಿಗೆ ನಿಂತಿದ್ದೇನೆ. 2023-24ರ ಐ-ಲೀಗ್ 2ರಲ್ಲಿ ಎರಡನೆಯವರಾಗಿ ಬಡ್ತಿ ಪಡೆದು ನಾವು ಐ-ಲೀಗಿಗೆ ಮರಳಿದೆವು. ಕೋಚು ಬೇರೆ ಯಾರಲ್ಲ, ಆ ಕಾಲದ ಡಿಫೆಂಡರ್ ಸಮೀರ್ ನಾಯ್ಕ್.

ಕಾಳಿ ನದಿಯ ಹಳೇ ಸೇತುವೆ ಕುಸಿದು ಬಿದ್ದ ವರ್ಷ ಅದು. ಆ ಮಳೆಗಾಲ ಕಳೆದ ಮೇಲೆ ಮಗಳನ್ನು ಮೊದಲ ಸಲ ಕರೆದುಕೊಂಡು ಹೋದೆ. ಹೀಗೆ ಮಕ್ಕಳನ್ನು ಕರೆದೊಯ್ಯಬೇಕು ಅನ್ನುವವರಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ. ಜೆರ್ಸಿ ಕೊಡಿಸಲಿಲ್ಲ, ಅವಳಾಗಿ ಕೇಳಲಿ ಎಂದು ಬಿಟ್ಟೆ. ದೊಡ್ಡ ಪಂದ್ಯ ಆರಿಸಲಿಲ್ಲ, ಗದ್ದಲದಲ್ಲಿ ಮಗುವಿಗೆ ಆಟ ಕಾಣುವುದಿಲ್ಲ. ಮೂಲೆಯ ಧ್ವಜದ ಹತ್ತಿರ, ಕೆಳಗಿನ ಮೆಟ್ಟಿಲಲ್ಲೇ ಕೂತೆವು. ಆಫ್‌ಸೈಡ್ ಅಂದರೇನು ಎಂದು ಅವಳು ಕೇಳುವವರೆಗೆ ವಿವರಿಸಲಿಲ್ಲ. ಮೊದಲ ಪಂದ್ಯದಲ್ಲಿ ಅವಳು ಕೇಳಲೂ ಇಲ್ಲ. ಎದುರಿನ ತಂಡದ ಬಗ್ಗೆ ಕೆಟ್ಟ ಮಾತು ಆಡಲಿಲ್ಲ. ಹಗೆ ಬೇಗ ಹತ್ತುತ್ತದೆ, ಆದರೆ ಅದರಿಂದ ಶುರುವಾದದ್ದು ಮಗುವಿನಲ್ಲಿ ಬಾಳುವುದನ್ನು ನಾನು ಕಂಡಿಲ್ಲ. ಆಟಗಾರರು ಹೊರಬರುವಾಗ ಎದ್ದು ನಿಂತೆ. ಹೆಗಲ ಮೇಲೆ ಕೈಯಿಟ್ಟೆ. ಮಾಮನ ಮಾತನ್ನೇ ಹೇಳಿದೆ.

ಆ ದಿನ ಸೋತೆವು. ಸೋತ ಮೇಲೆ ಮುಂದಿನ ಪಂದ್ಯಕ್ಕೂ ಹೋಗಬೇಕು, ಇದೊಂದನ್ನು ಮಾತ್ರ ನಾನು ಹಟ ಹಿಡಿದು ಪಾಲಿಸಿದೆ. ಮೂರು ವಾರ ಬಿಟ್ಟು ಮತ್ತೆ ಅಸ್ನೋಟಿ ಸ್ಟೇಷನ್ನಿನಲ್ಲಿ ಇಬ್ಬರೂ ಮಡಗಾಂವ್ ರೈಲಿಗೆ ಕಾಯುತ್ತಿದ್ದೆವು. ಮಾಮನ ಕಾಲು ಈಗ ಸ್ಟ್ಯಾಂಡಿನ ಮೆಟ್ಟಿಲು ಹತ್ತುವುದಿಲ್ಲ, ಮಡಗಾಂವ್ ಸ್ಟೇಷನ್ನಿಗೇ ಬಂದು ನಮ್ಮನ್ನು ನೋಡಿ ಹೋಗುತ್ತೇನೆ ಅಂದಿದ್ದ. ಬಾಳೆ ಎಲೆಯಲ್ಲಿ ಸುತ್ತಿದ ಬನ್ಸ್ ಅವಳ ಕೈಯಲ್ಲಿತ್ತು.

"ಪಪ್ಪಾ, ಹೋದ ಸಲ ಮೂಲೆಗೆ ಬಂದವನು ಕುಂಟುತ್ತಿದ್ದನಲ್ಲ," ಅಂದಳು. "ಅವನ ಕಾಲು ವಾಸಿಯಾಗಿದೆಯಾ?"

ಗೊತ್ತಿಲ್ಲ, ಹೋಗಿ ನೋಡುವಾ ಅಂದೆ. ರೈಲು ಬಂತು.