ಸಂಪಿನ ನೀರಿಗೆ ಬ್ಲೀಚಿಂಗ್ ಪೌಡರ್: ತಿಳಿ ಒಳಗೆ, ಗಷ್ಟು ಹೊರಗೆ

ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಸಂಪುಗಳಲ್ಲಿ ಎರಡು ಬಗೆಯ ನೀರು ಬೆರೆತಿರುತ್ತದೆ. ಒಂದು, ತೊರೆಕಾಡನಹಳ್ಳಿಯ ನೀರು ಶುದ್ಧೀಕರಣ ಘಟಕದಲ್ಲಿ ಶುದ್ಧವಾಗಿ, ಕ್ಲೋರಿನ್ ಸೇರಿಸಿಕೊಂಡು ಸುಮಾರು 100 ಕಿ.ಮೀ. ಪೈಪಿನಲ್ಲಿ ಬಂದ ಕಾವೇರಿ. ಇನ್ನೊಂದು, ಯಾವ ಬೋರ್‌ವೆಲ್‌ನದೆಂದು ಡ್ರೈವರಿಗಷ್ಟೇ ಗೊತ್ತಿರುವ ಟ್ಯಾಂಕರ್ ನೀರು. ಕಾವೇರಿಯಲ್ಲಿ ಉಳಿದಿದ್ದ ಚೂರುಪಾರು ಕ್ಲೋರಿನ್ ಟ್ಯಾಂಕರ್ ನೀರಿನ ಕೊಳೆಗೇ ಖರ್ಚಾಗಿಬಿಡುತ್ತದೆ. ಆಗ ಮುಚ್ಚಳ ತೆಗೆದು ಒಂದು ಹಿಡಿ ಪೌಡರ್ ಎಸೆಯುವವರೇ ಹೆಚ್ಚು. ಅದು ಬಿಳಿ ಉಂಡೆಯಾಗಿ ತಳ ಸೇರುತ್ತದೆ. ಒಂದು ಮೂಲೆಯ ನೀರು ಘಾಟು, ಇನ್ನೊಂದು ಮೂಲೆ ಇದ್ದ ಹಾಗೇ. ಟಿಡಿಎಸ್ ಮೀಟರ್ ಅದ್ದಿ ಸಮಾಧಾನಪಟ್ಟುಕೊಳ್ಳುವವರೂ ಇದ್ದಾರೆ. ಅದು ಅಳೆಯುವುದು ಕರಗಿದ ಲವಣವನ್ನು, ರೋಗಾಣುವನ್ನಲ್ಲ.

1. ಸಂಪು ಕೊಳಕಾಗಿದ್ದರೆ ಮೊದಲು ತೊಳೆಸಿ. ಮೋಟಾರಿನ ಕರೆಂಟ್ ತೆಗೆದು, ಮುಚ್ಚಳವನ್ನು ಸಾಕಷ್ಟು ಹೊತ್ತು ತೆರೆದಿಟ್ಟು, ಮೇಲೊಬ್ಬರು ಕಾವಲಿದ್ದರೆ ಮಾತ್ರ ಯಾರಾದರೂ ಇಳಿಯಲಿ. ಒಳಗೆ ಆಮ್ಲಜನಕ ಕಡಿಮೆಯಿರಬಹುದು. ಆಸಿಡ್ಡಂತೂ ಬೇಡವೇ ಬೇಡ.

2. ನೀರನ್ನು ಅಳೆಯಿರಿ. ಉದ್ದ, ಅಗಲ, ನೀರಿನ ಆಳ, ಮೂರನ್ನೂ ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 8 ಅಡಿ, 6 ಅಡಿ, ನೀರು 4 ಅಡಿ ಎಂದರೆ ಸುಮಾರು 5,400 ಲೀಟರ್. ಆಳ ಎಂದರೆ ಸಂಪಿನದಲ್ಲ, ಆ ಹೊತ್ತಿನ ನೀರಿನದು.

3. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪೌಡರ್. ಮೇಲಿನ ಸಂಪಿಗೆ 13ರಿಂದ 14 ಗ್ರಾಂ. ಕಾಗದದ ಮೇಲೆ ಹಾಕಿ ತೂಗಿ. ಚಮಚದ ಲೆಕ್ಕ ನಂಬಬೇಡಿ. ತಾಜಾ ಪೌಡರಿನಲ್ಲಿ ಕ್ಲೋರಿನ್ ಶೇ 30ಕ್ಕೂ ಮೇಲಿರುತ್ತದೆ. ಅಂಗಡಿಯಲ್ಲಿ ಬಾಯಿ ತೆರೆದಿಟ್ಟ ಚೀಲದಿಂದ ಮೊಗೆದು ಕೊಡುವುದರಲ್ಲಿ ಉಳಿದಿರುವುದು ಬಹುಪಾಲು ಸುಣ್ಣ. ಗಂಟು ಕಟ್ಟಿ, ಘಾಟು ಸತ್ತಿದ್ದರೆ ಕೊಳ್ಳಲೇಬೇಡಿ. ಬಟ್ಟೆಗೆ ಹಾಕುವ ಸುವಾಸನೆಯ ಬ್ಲೀಚ್ ಇದಕ್ಕೆ ಬದಲಿಯಲ್ಲ.

4. ಕೆಡುವುದೆಲ್ಲ ಇಲ್ಲೇ. ಪ್ಲಾಸ್ಟಿಕ್ ಬಕೆಟ್ ತೆಗೆದುಕೊಳ್ಳಿ, ಕಬ್ಬಿಣದ್ದು ಬೇಡ. ಪೌಡರಿಗೆ ಸ್ವಲ್ಪವೇ ನೀರು ಹಾಕಿ, ದೋಸೆ ಹಿಟ್ಟಿನ ಹದಕ್ಕೆ ಬರುವವರೆಗೆ ಕೋಲಿನಿಂದ ಗಂಟು ಒಡೆಯಿರಿ. ಮುಖ ಬಕೆಟ್ಟಿನ ಮೇಲೆ ಬಗ್ಗಿಸಬೇಡಿ, ಗಾಳಿಯಾಡುವ ಕಡೆ ನಿಲ್ಲಿ. ಆಮೇಲೆ ಮುಕ್ಕಾಲು ಬಕೆಟ್ ಆಗುವಷ್ಟು ನೀರು ಸೇರಿಸಿ, ಚೆನ್ನಾಗಿ ತಿರುಗಿಸಿ, ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ಸುಣ್ಣದ ಗಷ್ಟು ಕೆಳಗಿಳಿಯುತ್ತದೆ. ಕ್ಲೋರಿನ್ ಮೇಲಿನ ತಿಳಿಯಲ್ಲಿರುತ್ತದೆ. ಸಾರಿನ ತಿಳಿ ಬಗ್ಗಿಸಿಕೊಳ್ಳುವಂತೆ ಅದನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಳ್ಳಿ. ಗಷ್ಟನ್ನು ಸಂಪಿಗೆ ಸುರಿದರೆ ನೀರಿನ ಗಡಸುತನ ಹೆಚ್ಚುತ್ತದೆ, ತಳದಲ್ಲಿ ಕೆಸರು ಕೂರುತ್ತದೆ, ಮೋಟಾರ್ ಪೈಪಿನ ತುದಿಯ ಫುಟ್‌ವಾಲ್ವ್ ಅದನ್ನೇ ಎಳೆಯುತ್ತದೆ. ತಿಳಿಯನ್ನು ನಾಲ್ಕೂ ಮೂಲೆಗೆ ಬೀಳುವಂತೆ ಸುರಿದು, ಹಗ್ಗ ಕಟ್ಟಿದ ಬಕೆಟ್ ಇಳಿಸಿ ಹತ್ತಾರು ಸಲ ಮೇಲಕ್ಕೂ ಕೆಳಕ್ಕೂ ಆಡಿಸಿ. ಬೆರೆಸದಿದ್ದರೆ ಮಾಡಿದ್ದೆಲ್ಲ ದಂಡ.

5. ಕನಿಷ್ಠ ಅರ್ಧ ಗಂಟೆ ಮೋಟಾರ್ ಹಾಕಬೇಡಿ. ಟ್ಯಾಂಕರ್ ನೀರಾದರೆ ಒಂದು ಗಂಟೆ. ರೋಗಾಣುವನ್ನು ಕೊಲ್ಲುವುದು ಮುಖ್ಯವಾಗಿ ಕ್ಲೋರಿನ್ ನೀರಿನಲ್ಲಿ ಬೆರೆತಾಗ ಆಗುವ ಹೈಪೋಕ್ಲೋರಸ್ ಆಮ್ಲ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 7.5 ಇದ್ದಾಗ ಅದು ಅರ್ಧಕ್ಕಿಳಿದಿರುತ್ತದೆ, ಅದಕ್ಕೂ ಮೇಲೇರಿದಷ್ಟು ಕೆಲಸ ನಿಧಾನ. ರಾತ್ರಿ ಹಾಕಿ ಬೆಳಿಗ್ಗೆ ಏರಿಸುವುದು ಎಲ್ಲಕ್ಕಿಂತ ವಾಸಿ.

6. ಅಡುಗೆಮನೆಯ ನಲ್ಲಿಯಲ್ಲಿ ಪರೀಕ್ಷಿಸಿ, ಓವರ್‌ಹೆಡ್ ಟ್ಯಾಂಕಿನಿಂದ ನೇರ ಬರುವ ನೀರನ್ನು. ಕ್ಲೋರಿನ್ ಇದೆಯೇ ಎಂದು ತೋರಿಸುವ ಆರ್ಥೋಟಾಲಿಡಿನ್ ದ್ರಾವಣದ ಹನಿ ಬಿದ್ದೊಡನೆ ತೆಳು ಹಳದಿ ಬರಬೇಕು. ತಕ್ಷಣ ನೋಡಿ, ತಡವಾದರೆ ಬಣ್ಣ ಗಾಢವಾಗಿ ದಾರಿ ತಪ್ಪಿಸುತ್ತದೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಅಳತೆ. ಬಣ್ಣವೇ ಬಾರದಿದ್ದರೆ ಕೊಳೆ ಕ್ಲೋರಿನ್ನನ್ನು ತಿಂದಿದೆ ಎಂದರ್ಥ: ಅರ್ಧ ಅಳತೆ ಇನ್ನೊಮ್ಮೆ ಹಾಕಿ. ನೀರು ಕಣ್ಣಿಗೇ ಕದಡಿ ಕಂಡರೆ ಪೌಡರ್ ಹೆಚ್ಚಿಸಿ ಗೆಲ್ಲಲಾಗದು, ಆ ನೀರನ್ನು ಕುಡಿಯಲು ಇಟ್ಟುಕೊಳ್ಳಬೇಡಿ. ಸ್ಫಟಿಕ (ಆಲಂ) ಹಾಕಿದರೆ ಕೆಸರು ಕೂರುತ್ತದೆ ನಿಜ, ಅದು ಕ್ಲೋರಿನ್ ಮಾಡುವ ಕೆಲಸ ಮಾಡುವುದಿಲ್ಲ.

ಆರ್‌ಒ ಇರುವವರು ಕಾರ್ಬನ್ ಫಿಲ್ಟರನ್ನು ಸಮಯಕ್ಕೆ ಬದಲಿಸಿ. ಅದು ದಣಿದರೆ ಕ್ಲೋರಿನ್ ಆರ್‌ಒ ಒಳಗಿನ ಸೋಸುವ ಪೊರೆಯನ್ನೇ ಹಾಳು ಮಾಡುತ್ತದೆ. ಮೀನಿನ ತೊಟ್ಟಿಗೆ ಈ ನೀರು ನೇರ ಬೇಡ. ಉಳಿದ ಪೌಡರಿಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಣ ಜಾಗ. ಟಾಯ್ಲೆಟ್ ಆಸಿಡ್ ಬಾಟಲಿಯ ಪಕ್ಕ ಮಾತ್ರ ಇಡಬೇಡಿ: ಎರಡೂ ಸೇರಿದರೆ ಏಳುವುದು ವಿಷಾನಿಲ.