ಆಪರೇಷನ್ ಆದ ಬೆಕ್ಕಿನ ಮರಿ: ಮೂರನೆಯ ದಿನದಿಂದ ಹೆಚ್ಚು ಎಚ್ಚರ ಬೇಕು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ, ದಿನಸಿ ಅಂಗಡಿಗಳಲ್ಲಿ ಇಲಿಯ ಕಾಟಕ್ಕೆಂದು ಬೆಕ್ಕು ಸಾಕುವುದು ಹಳೆಯ ರೂಢಿ. ವಿದ್ಯಾನಗರ, ನಿಟುವಳ್ಳಿಯಂಥ ಬಡಾವಣೆಗಳ ಮನೆಗಳಲ್ಲಿ ಈಗ ಇಲಿ ಹಿಡಿಯುವ ಕೆಲಸವಿಲ್ಲದ ಬೆಕ್ಕುಗಳೂ ಸಾಕಷ್ಟಿವೆ. ಎಲ್ಲಿದ್ದರೂ ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗಬ್ಬದ ಅವಧಿ ಸುಮಾರು ಒಂಬತ್ತು ವಾರವಾದ್ದರಿಂದ, ತಾನೇ ಇನ್ನೂ ಮರಿಯಾಗಿರುವ ಬೆಕ್ಕು ವರ್ಷ ತುಂಬುವ ಮೊದಲೇ ಮರಿ ಹಾಕಿಬಿಡುತ್ತದೆ. ಆದ್ದರಿಂದಲೇ ಅನೇಕ ಪಶುವೈದ್ಯರು ಐದು ತಿಂಗಳ ಆಸುಪಾಸಿನಲ್ಲಿ ಅಂಡಾಶಯ ಮತ್ತು ಗರ್ಭಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಗೆ ಸಲಹೆ ನೀಡುತ್ತಾರೆ.

ಶಸ್ತ್ರಚಿಕಿತ್ಸೆ ವೈದ್ಯರ ಕೆಲಸ. ಅದರ ನಂತರದ ಹತ್ತರಿಂದ ಹದಿನಾಲ್ಕು ದಿನ ಮನೆಯವರ ಕೆಲಸ. ಬಹಳಷ್ಟು ಮನೆಗಳಲ್ಲಿ ಮೊದಲ ರಾತ್ರಿ ಎಲ್ಲರೂ ಗಾಬರಿಯಿಂದ ಎಚ್ಚರವಿರುತ್ತಾರೆ, ಮರಿ ಓಡಾಡತೊಡಗಿದ ಕೂಡಲೇ ಗಂಡಾಂತರ ಕಳೆಯಿತೆಂದು ಕೈಬಿಡುತ್ತಾರೆ. ಆದರೆ ಹೊಲಿಗೆ ಬಿಚ್ಚಿಕೊಳ್ಳುವ ಪ್ರಸಂಗಗಳು ಸಾಮಾನ್ಯವಾಗಿ ಒದಗುವುದು ಮರಿ ಬಳಲಿ ಮಲಗಿದ್ದಾಗ ಅಲ್ಲ, ತಾನು ಪೂರ್ತಿ ಗುಣವಾಗಿದ್ದೇನೆಂಬಂತೆ ಅದು ಹಾರಾಡತೊಡಗಿದಾಗ. ಮುಂದೆ ಹೇಳುವ ಸಿದ್ಧತೆಗಳನ್ನೆಲ್ಲ ಆ ಮೂರನೆಯ ದಿನವನ್ನು ಗಮನದಲ್ಲಿಟ್ಟುಕೊಂಡೇ ಮಾಡಿಕೊಳ್ಳಬೇಕು.

ಆಸ್ಪತ್ರೆಯಿಂದ ಹೊರಡುವ ಮುನ್ನ

ವೈದ್ಯರಿಂದ ಐದು ವಿಷಯಗಳನ್ನು ಕೇಳಿ ಬರೆದುಕೊಳ್ಳಿ: ಹೊರಗಿನ ಹೊಲಿಗೆ ತಾನಾಗಿ ಕರಗುವಂಥದೋ ತೆಗೆಸಬೇಕಾದದ್ದೋ, ನೋವಿನ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟಿದ್ದಾರೆ, ಮುಂದಿನ ಔಷಧಿ ಯಾವಾಗ, ಗಾಯ ಹೊಟ್ಟೆಯ ನಡುವೆ ಇದೆಯೋ ಪಕ್ಕೆಯಲ್ಲಿದೆಯೋ, ರಾತ್ರಿ ತೊಂದರೆಯಾದರೆ ಯಾರಿಗೆ ಕರೆ ಮಾಡಬೇಕು. ಕೊನೆಯದು ಅತಿ ಮುಖ್ಯ. ನಮ್ಮ ಊರುಗಳಲ್ಲಿ ದನದ ಆಸ್ಪತ್ರೆಯ ಬಾಗಿಲು ಹಾಕಿದ ಮೇಲೂ ಮೆಡಿಕಲ್ ಶಾಪ್ ತೆರೆದಿರುತ್ತದೆ, ದಿಕ್ಕು ತೋಚದವರು ಅಲ್ಲಿಗೆ ಹೋಗಿ ಮನುಷ್ಯರ ಮಾತ್ರೆ ತರುತ್ತಾರೆ. ಅದರ ಅಪಾಯವನ್ನು ಮುಂದೆ ವಿವರಿಸಿದೆ.

ಮರಿಯನ್ನು ಕೈಚೀಲದಲ್ಲಿ ಹಾಕಿ ಬೈಕಿನ ಹ್ಯಾಂಡಲ್‌ಗೆ ತೂಗುಹಾಕಬಾರದು. ಅರಿವಳಿಕೆಯ ಮಂಪರಿನಲ್ಲಿ ಕತ್ತು ಮಡಚಿಕೊಂಡರೆ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಮುಚ್ಚಳವಿರುವ, ಗಾಳಿಯಾಡುವ ಪ್ಲಾಸ್ಟಿಕ್ ಬುಟ್ಟಿಯ ತಳಕ್ಕೆ ಹಳೆಯ ಟವೆಲ್ ಹಾಸಿ, ಮರಿಯನ್ನು ಒಂದು ಮಗ್ಗುಲಿಗೆ ಕತ್ತು ನೇರವಾಗಿರುವಂತೆ ಮಲಗಿಸಿ ಆಟೊದಲ್ಲಿ ತರುವುದು ಲೇಸು.

ಮೊದಲ ರಾತ್ರಿ

ಅರಿವಳಿಕೆ ಇಳಿಯುವಾಗ ಮರಿ ತೂರಾಡುತ್ತದೆ, ಕಣ್ಣು ತೆರೆದುಕೊಂಡೇ ಮಲಗಿರುತ್ತದೆ, ಕಣ್ಣಿನ ಒಳಮೂಲೆಯಿಂದ ಬಿಳಿಯ ಪೊರೆ ಇಣುಕುತ್ತದೆ. ಒಂದೆರಡು ಬಾರಿ ವಾಂತಿಯೂ ಆಗಬಹುದು. ಇವು ಗಾಬರಿಯ ಸಂಗತಿಗಳಲ್ಲ. ನಿಜವಾಗಿ ಕಾಡುವುದು ಚಳಿ. ಸಣ್ಣ ಮೈಯ ಮರಿಗೆ ಮಂಪರಿನಲ್ಲಿ ತನ್ನ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವುದು ಕಷ್ಟ. ಕಡಪಾ ಕಲ್ಲಿನ ಇಲ್ಲವೇ ಟೈಲ್ಸ್ ನೆಲ ಇದ್ದ ಬಿಸಿಯನ್ನೂ ಹೀರಿಕೊಳ್ಳುತ್ತದೆ. ಗೋಣಿಚೀಲವನ್ನು ಮಡಚಿ ಹಾಸಿ, ಅದರ ಮೇಲೆ ಒಗೆದ ಹತ್ತಿಬಟ್ಟೆ ಹಾಕಿ, ಬಿಸಿನೀರು ತುಂಬಿದ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ಒಂದು ಪಕ್ಕದಲ್ಲಿ ಮಾತ್ರ ಇಡಿ. ಸೆಕೆಯೆನಿಸಿದರೆ ಮರಿ ಸರಿದುಕೊಳ್ಳಲು ಇನ್ನೊಂದು ಪಕ್ಕ ಖಾಲಿ ಇರಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಶೀಟಿನ ಮನೆಯಲ್ಲಿದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ: ಮಂಪರು ಪೂರ್ತಿ ಇಳಿದ ಮೇಲೆ ಬಾಟಲಿ ತೆಗೆದು, ಮನೆಯಲ್ಲಿ ತಂಪಾಗಿರುವ ಕೋಣೆಯನ್ನು ಅದಕ್ಕೆ ಬಿಟ್ಟುಕೊಡಿ. ಮಂಚ, ಸೋಫಾಗಳ ಮೇಲೆ ಮಲಗಿಸದೆ ನೆಲದ ಮಟ್ಟದಲ್ಲೇ ಇರಿಸಿ. ಹನ್ನೆರಡು ಗಂಟೆ ಕಳೆದರೂ ತಲೆಯೆತ್ತದಿದ್ದರೆ ವೈದ್ಯರಿಗೆ ತಿಳಿಸಬೇಕು.

ಊಟ ಮತ್ತು ಮಲಮೂತ್ರ

ತೂರಾಡದೆ ನಿಲ್ಲುವಷ್ಟು ಎಚ್ಚರವಾದ ಮೇಲೆ ಅಗಲವಾದ ತಟ್ಟೆಯಲ್ಲಿ ಸ್ವಲ್ಪ ನೀರು, ಅದು ದಕ್ಕಿದರೆ ಎಂದಿನ ಊಟದ ಕಾಲು ಭಾಗ ಕೊಡಿ. ದೊಡ್ಡ ಬೆಕ್ಕಿನಂತೆ ಮರಿ ಬಹಳ ಹೊತ್ತು ಉಪವಾಸ ಇರಲಾರದು, ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಆದ್ದರಿಂದ ಮರುದಿನ ಬೆಳಗಾದರೂ ಬಾಯಿಗೆ ಏನನ್ನೂ ಮುಟ್ಟಿಸದಿದ್ದರೆ ಕಾಯುತ್ತ ಕೂರಬೇಡಿ.

ಹಾಲು ಬೇಡ. ತಾಯಿಯ ಮೊಲೆ ಬಿಟ್ಟ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಗ್ಗುತ್ತ ಹೋಗುವುದರಿಂದ ಭೇದಿಯಾಗಿ, ಹಿಂಭಾಗವೂ ಗಾಯವೂ ಒದ್ದೆಯಾಗುತ್ತವೆ. ಕೋಳಿ ಸಾರಿನ ತುಂಡನ್ನು ತೊಳೆದು ಹಾಕುವ ರೂಢಿಯನ್ನೂ ಕೈಬಿಡಬೇಕು: ಖಾರ ತೊಳೆದುಹೋಗಬಹುದು, ಆದರೆ ತುಂಡಿನೊಳಗೆ ಇಳಿದ ಈರುಳ್ಳಿ, ಬೆಳ್ಳುಳ್ಳಿಗಳ ರಸ ಉಳಿಯುತ್ತದೆ, ಅವೆರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ಉಪ್ಪಿಲ್ಲದೆ ಬೇಯಿಸಿದ ಮೂಳೆಯಿಲ್ಲದ ಕೋಳಿಮಾಂಸ, ಬೇಯಿಸಿದ ಮೊಟ್ಟೆ, ಇಲ್ಲವೇ ಮರಿಗೆ ರೂಢಿಯಿರುವ ಸಿದ್ಧ ಆಹಾರ ಸಾಕು.

ಮಲಮೂತ್ರದ ತಟ್ಟೆಗೆ ಮರಳು ತುಂಬುವವರು ಹೊಲಿಗೆ ತೆಗೆಯುವವರೆಗೆ ಅದನ್ನು ನಿಲ್ಲಿಸಿ ಹರಿದ ಪತ್ರಿಕೆ ಹಾಕಬೇಕು; ಎಂ-ಸ್ಯಾಂಡಿನ ಪುಡಿ ಗಾಯಕ್ಕೆ ಮೆತ್ತಿಕೊಳ್ಳುತ್ತದೆ. ಓದಿ ಮುಗಿದ ಮೇಲೆ ಈ ಪುರವಣಿಯನ್ನೇ ಹರಿದು ಹಾಕಿದರೂ ಅಭ್ಯಂತರವಿಲ್ಲ. ಮೂತ್ರ ಒಂದು ದಿನದೊಳಗೆ ಆಗಲೇಬೇಕು. ಮಲ ಎರಡು ಮೂರು ದಿನ ತಡವಾದರೂ ಮರಿ ಉಣ್ಣುತ್ತಿದ್ದರೆ ಚಿಂತೆಯಿಲ್ಲ.

ನೆಕ್ಕದಂತೆ, ಹಾರದಂತೆ

ನೆಕ್ಕಿದರೆ ಗಾಯ ಬೇಗ ಮಾಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಬೆಕ್ಕಿನ ನಾಲಿಗೆಯ ಮೇಲೆ ಹಿಮ್ಮುಖವಾಗಿ ಬಾಗಿದ ಗಡುಸಾದ ಮುಳ್ಳುಗಳಿರುತ್ತವೆ. ಮೂಳೆಯಿಂದ ಮಾಂಸ ಕೆರೆಯಬಲ್ಲ ಆ ನಾಲಿಗೆಗೆ ನೂಲಿನ ಹೊಲಿಗೆ ಯಾವ ಲೆಕ್ಕ? ಆದ್ದರಿಂದ ಕತ್ತಿಗೆ ಲಾಳಿಕೆಯಾಕಾರದ ಪಟ್ಟಿ, ಅಂದರೆ ಕೋನ್, ಹಾಕಿಸಿಕೊಂಡೇ ಮನೆಗೆ ಬರಬೇಕು. ಅದರ ಅಂಚು ಮೂಗಿನ ತುದಿಗಿಂತ ಮುಂದೆ ಚಾಚಿರಬೇಕು, ಕತ್ತಿನ ಬಳಿ ಎರಡು ಬೆರಳು ತೂರುವಷ್ಟು ಸಡಿಲವಿರಬೇಕು. ಮೊದಲ ದಿನ ಮರಿ ಹಿಂದಕ್ಕೆ ನಡೆಯುತ್ತದೆ, ಬಾಗಿಲಿಗೆ ಬಡಿದುಕೊಳ್ಳುತ್ತದೆ, ಬಿಚ್ಚಿಬಿಡಿ ಎಂದು ಮಕ್ಕಳು ಕಣ್ಣೀರಿಡುತ್ತಾರೆ. ಬಿಚ್ಚಬಾರದು, ಬಹುತೇಕ ಮರಿಗಳು ಒಂದೆರಡು ದಿನದಲ್ಲಿ ಒಗ್ಗಿಕೊಳ್ಳುತ್ತವೆ. ಉಣ್ಣುವಾಗ ಮಾತ್ರ, ಎದುರಿಗೇ ಕುಳಿತು, ತೆಗೆದು ಮತ್ತೆ ಹಾಕಬಹುದು.

ಕೋನ್ ಸಹಿಸದ ಮರಿಗೆ ಬಟ್ಟೆಯ ಅಂಗಿ ತೊಡಿಸುವ ದಾರಿಯೂ ಇದೆ. ದೊಡ್ಡವರ ಹಳೆಯ ಟೀ-ಶರ್ಟಿನ ತೋಳನ್ನು ಕತ್ತರಿಸಿ, ಮುಂಗಾಲು ಹಿಂಗಾಲುಗಳಿಗೆ ತೂತು ಮಾಡಿ, ಬಾಲದ ಕೆಳಗೆ ಅಗಲವಾಗಿ ತೆರೆದಿಟ್ಟು ಬೆನ್ನಿನ ಮೇಲೆ ಗಂಟು ಹಾಕಬೇಕು. ಒದ್ದೆಯಾದ ಕೂಡಲೇ ಬದಲಿಸಲು ಅಂಥವು ಎರಡು ಮೂರು ಇರಲಿ. ಕಂಕುಳಲ್ಲಿ ಉಜ್ಜಿ ಕೆಂಪಾಗುವುದುಂಟು, ದಿನಕ್ಕೊಮ್ಮೆ ನೋಡಿ.

ಇನ್ನು ಹಾರುವ ವಿಚಾರ. ಮೂರನೆಯ ದಿನಕ್ಕೆ ನೋವು ತಗ್ಗಿರುತ್ತದೆ, ಹಸಿವು ಮರಳಿರುತ್ತದೆ. ಆದರೆ ಒಳಗೆ ಸೀಳಿದ ಪದರಗಳು ಆಗಷ್ಟೇ ಕೂಡಿಕೊಳ್ಳತೊಡಗಿದ್ದು, ಅವುಗಳನ್ನು ಹಿಡಿದಿರುವುದು ಇನ್ನೂ ವೈದ್ಯರ ದಾರವೇ. ಆ ಹಂತದಲ್ಲಿ ಬೀರುವಿನ ಮೇಲಿಂದ ಒಂದು ಜಿಗಿತ ಸಾಕು, ಹೊರಗಿನ ಚರ್ಮ ಕೂಡಿದ್ದರೂ ಒಳಪದರ ಬಿರಿಯಬಹುದು. ದಾವಣಗೆರೆಯ ಹಳೆಪೇಟೆಯಲ್ಲಾಗಲಿ ಚಿತ್ರದುರ್ಗದ ಕೋಟೆಯ ಕೆಳಗಿನ ಕೇರಿಗಳಲ್ಲಾಗಲಿ ಹೆಂಚಿನ ಮನೆಗಳಿಗೆ ಅಟ್ಟವಿರುತ್ತದೆ, ಗೋಡೆಗೂ ಸೂರಿಗೂ ನಡುವೆ ಸಂದಿಯಿರುತ್ತದೆ. ಮರಿ ಒಮ್ಮೆ ಅಲ್ಲಿಗೆ ಏರಿದರೆ ಇಳಿಸುವ ಪ್ರಯತ್ನದಲ್ಲೇ ಇನ್ನಷ್ಟು ಹಾನಿಯಾಗುತ್ತದೆ. ಏಣಿಯಂತೆ ಬಳಕೆಯಾಗುವ ಕುರ್ಚಿ, ಮೂಟೆ, ಹಾಸಿಗೆಯ ಸುರುಳಿಗಳನ್ನು ತೆಗೆದ ಒಂದು ಚಿಕ್ಕ ಕೋಣೆ ಸಿಕ್ಕರೆ ಸರಿ. ಸಿಗದಿದ್ದರೆ ನಾಯಿಯ ದೊಡ್ಡ ಪಂಜರವನ್ನು ಯಾರಿಂದಲಾದರೂ ಎರವಲು ತಂದು ಅದರಲ್ಲೇ ಹಾಸಿಗೆ, ನೀರು, ಮಲದ ತಟ್ಟೆ ಇಡುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯವಲ್ಲ, ಅತ್ಯಂತ ನಿಶ್ಚಿಂತೆಯ ಏರ್ಪಾಡು. ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಅವು ಆಸ್ಪತ್ರೆಯ ವಾಸನೆಗೆ ಬುಸುಗುಡುತ್ತವೆ, ಜೊತೆಯ ಮರಿಗಳು ಕುಸ್ತಿಗೆ ಕರೆಯುತ್ತವೆ. ಎರಡೂ ಕಾರಣಕ್ಕೆ ಪ್ರತ್ಯೇಕ ಇರಿಸಿ. ಭಟ್ಟಿಯಲ್ಲೋ ಗಿರಣಿಯಲ್ಲೋ ಬೆಳೆದ ಮರಿಯಾದರೆ ಹೊಟ್ಟು, ಬೂದಿ, ಧೂಳಿನ ಆ ಜಾಗಕ್ಕೆ ಹೊಲಿಗೆ ತೆಗೆಯುವವರೆಗೂ ಬಿಡುವಂತಿಲ್ಲ.

ಗಾಯವನ್ನು ನೋಡುವ ಬಗೆ

ದಿನಕ್ಕೆರಡು ಬಾರಿ, ಹಗಲು ಬೆಳಕಿನಲ್ಲಿ, ಮುಟ್ಟದೆ ನೋಡಿ. ಒಂದೇ ಕೋನದಿಂದ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟರೆ ನಿನ್ನೆಗೂ ಇಂದಿಗೂ ಹೋಲಿಸಬಹುದು, ವೈದ್ಯರಿಗೂ ಕಳುಹಿಸಬಹುದು. ಅಂಚು ತುಸು ಕೆಂಪಾಗಿ ಉಬ್ಬಿರುವುದು, ಮೊದಲ ದಿನ ಒಂದೆರಡು ಹನಿ ರಕ್ತ ಕಾಣುವುದು ಸಹಜ. ಹೊಲಿಗೆಯ ಕೆಳಗೆ ಗಟ್ಟಿಯಾದ ಸಣ್ಣ ಗಂಟು ಕಂಡರೆ ಹಲವು ಸಲ ಅದು ದಾರಕ್ಕೆ ಮೈ ತೋರುವ ಪ್ರತಿಕ್ರಿಯೆಯಷ್ಟೇ ಆಗಿದ್ದು, ಕೆಲವು ವಾರಗಳಲ್ಲಿ ಕರಗುತ್ತದೆ. ಆದರೂ ವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ. ಮೆತ್ತಗಿನ ಉಬ್ಬು ದಿನದಿಂದ ದಿನಕ್ಕೆ ಹಿಗ್ಗುತ್ತಿದ್ದರೆ, ಕೀವು ಅಥವಾ ದುರ್ವಾಸನೆ ಬಂದರೆ, ಗಾಯ ಬಾಯಿ ಬಿಟ್ಟರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಒಳಗಿನದೇನಾದರೂ ಹೊರಗೆ ಕಂಡರೆ ತಳ್ಳಲು ಹೋಗದೆ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಸುತ್ತಿ ತಕ್ಷಣ ಹೊರಡಿ.

ಗಾಯದ ಮೇಲೆ ಅರಿಶಿನ, ಕೊಬ್ಬರಿ ಎಣ್ಣೆ, ಬೂದಿ ಯಾವುದೂ ಬೇಡ. ಡೆಟಾಲ್‌ನಂಥ ದ್ರಾವಣಗಳು ಬೆಕ್ಕಿಗೆ ವಿಷ. ಹೈಡ್ರೋಜನ್ ಪೆರಾಕ್ಸೈಡ್ ಕೂಡಿಕೊಳ್ಳುತ್ತಿರುವ ಹೊಸ ಮಾಂಸವನ್ನೇ ಸುಡುತ್ತದೆ. ಗಾಯ ಒಣಗಿರುವುದೇ ಅದಕ್ಕೆ ಔಷಧ, ಆದ್ದರಿಂದ ಸ್ನಾನವೂ ಇಲ್ಲ. ಮಳೆಗಾಲದಲ್ಲಿ ನೊಣ ಕೂತು ಹುಳುವಾಗುವ ಭಯ ಇದ್ದೇ ಇರುವುದರಿಂದ ಕಿಟಕಿಗೆ ಜಾಲರಿಯೋ ಸೊಳ್ಳೆಪರದೆಯ ತುಂಡೋ ಕಟ್ಟಿ.

ಮನುಷ್ಯರ ಮಾತ್ರೆ ಕೊಲ್ಲುತ್ತದೆ

ಬೆಕ್ಕಿನ ಸಹಜ ಉಷ್ಣತೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಯಾವಾಗಲೂ ಬೆಚ್ಚಗೇ ಹತ್ತುತ್ತದೆ. ಕಿವಿ ಮುಟ್ಟಿ ನೋಡಿ ಜ್ವರವೆಂದು ತೀರ್ಮಾನಿಸಿ ಪ್ಯಾರಾಸಿಟಮಾಲ್ ಅರೆದು ಕುಡಿಸುವುದು ಈ ಹತ್ತು ದಿನಗಳಲ್ಲಿ ಆಗಬಹುದಾದ ಅತಿ ದೊಡ್ಡ ಅನಾಹುತ. ಆ ಔಷಧಿಯನ್ನು ನಿರ್ವಿಷಗೊಳಿಸುವ ಕ್ರಿಯೆ ಬೆಕ್ಕಿನ ಯಕೃತ್ತಿನಲ್ಲಿ ತೀರಾ ದುರ್ಬಲ. ವಿಷವಾಗಿ ಉಳಿದ ಅಂಶ ರಕ್ತವು ಆಮ್ಲಜನಕ ಹೊರುವ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ, ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದಿಕೊಳ್ಳುತ್ತವೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಮರಿಯ ಜೀವ ತೆಗೆಯಲು ಸಾಕು. ಐಬುಪ್ರೊಫೆನ್, ಡೈಕ್ಲೋಫೆನ್ಯಾಕ್‌ಗಳೂ ನಿಷಿದ್ಧ. ಯಾರಾದರೂ ಈಗಾಗಲೇ ಕೊಟ್ಟುಬಿಟ್ಟಿದ್ದರೆ ಮುಚ್ಚಿಡದೆ ವೈದ್ಯರಿಗೆ ಕೂಡಲೇ ಹೇಳಿ, ಚಿಕಿತ್ಸೆಯ ದಾರಿ ಅದರ ಮೇಲೆ ನಿಂತಿರುತ್ತದೆ.

ವೈದ್ಯರು ಬರೆದುಕೊಟ್ಟ ದ್ರವ ಔಷಧಿಯನ್ನು ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಸಂದಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ತಲೆ ಮೇಲಕ್ಕೆತ್ತಿ ಸುರಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ರಾತ್ರಿಯಾದರೂ ಕಾಯಬಾರದ ಲಕ್ಷಣಗಳಿವು: ಒಸಡು ಸುಣ್ಣದಂತೆ ಬಿಳಿಚಿಕೊಳ್ಳುವುದು, ಗಾಯದಿಂದ ರಕ್ತ ನಿಲ್ಲದೆ ತೊಟ್ಟಿಕ್ಕುವುದು, ಹೊಟ್ಟೆ ಉಬ್ಬುವುದು, ಬಾಯಿ ತೆರೆದು ಉಸಿರಾಡುವುದು, ಮೈ ತಣ್ಣಗಾಗಿ ಕರೆದರೂ ಓಗೊಡದಿರುವುದು. ಊರಿನ ವೈದ್ಯರು ಸಿಗದಿದ್ದರೆ ಪಶುವೈದ್ಯಕೀಯ ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಬಹುದು. ಜಟಿಲವಾದ ಪ್ರಕರಣಗಳಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ.

ಹೊಲಿಗೆ ತೆಗೆದ ಮೇಲೆ

ತೆಗೆಸಬೇಕಾದ ಹೊಲಿಗೆಯನ್ನು ಹತ್ತರಿಂದ ಹದಿನಾಲ್ಕನೆಯ ದಿನದೊಳಗೆ ಆಸ್ಪತ್ರೆಯಲ್ಲೇ ತೆಗೆಸಿ. ಮನೆಯ ಬ್ಲೇಡಿನ ಸಾಹಸ ಬೇಡ. ಕೋನನ್ನು ಅಂದೇ ಎಸೆಯದೆ ಇನ್ನೂ ಒಂದು ದಿನ ಹಾಕಿಟ್ಟಿರಿ, ದಾರ ಹೋದ ಜಾಗ ತುರಿಸುತ್ತದೆ. ಬೋಳಿಸಿದ ಕೂದಲು ಮತ್ತೆ ತುಂಬಲು ಎರಡು ಮೂರು ತಿಂಗಳು ಬೇಕು. ಗರ್ಭಕೋಶ, ಅಂಡಾಶಯ ಹೋದ ಮೇಲೆ ಬೆಕ್ಕಿಗೆ ಬೇಕಾಗುವ ಆಹಾರ ಕಡಿಮೆಯಾಗುತ್ತದೆ, ಹಸಿವು ಮಾತ್ರ ಹೆಚ್ಚುತ್ತದೆ. ತಟ್ಟೆಯನ್ನು ದಿನವಿಡೀ ತುಂಬಿಡದೆ ಅಳತೆ ಮಾಡಿ ಹೊತ್ತುಹೊತ್ತಿಗೆ ಹಾಕಿ, ತಿಂಗಳಿಗೊಮ್ಮೆ ತೂಕ ನೋಡಿ. ಮರಿ ಇನ್ನೂ ಬೆಳೆಯುತ್ತಿರುವುದರಿಂದ ಊಟದ ಪ್ರಮಾಣವನ್ನು ಎಷ್ಟಕ್ಕೆ ಇಳಿಸಬೇಕೆಂಬುದನ್ನು ಹೊಲಿಗೆ ತೆಗೆಸುವ ದಿನವೇ ವೈದ್ಯರಲ್ಲಿ ಕೇಳಿ, ರೇಬಿಸ್ ಲಸಿಕೆ ಹಾಕಿಸಿಲ್ಲವಾದರೆ ಅದನ್ನು ಯಾವಾಗ ಹಾಕಿಸಬೇಕೆಂದೂ ಬರೆಸಿಕೊಂಡು ಬನ್ನಿ.